ನಾಲ್ಕು ಅಡಿಯ ಮೇಜು

ನಮ್ಮ ವಾಚನಾಲಯದ ಪುಸ್ತಕಕ್ಕೆ ಏನಾದರೂ ಬರೆದುಕೊಡ್ರಿ ಅಂತ ಮಾಸ್ತರರು ಕೇಳಿದಾಗ, "ನಾನು ಚಿತ್ರ ಬರಿಯಾಂವ ಸರ, ಲೇಖನ ನನ್ನ ಕೈಲಿ ಆಗೂದಲ್ಲ" ಅಂದಿದ್ದೆ. ಅವರು ಬಿಡಲಿಲ್ಲ. "ಬೆಂಗಳೂರಿನ ಮೇಳದಾಗ ಮೇಜು ಹಾಕ್ಕೊಂಡು ಕುಂತಿದ್ದ ಕಥಿ ಹೇಳ್ತಿರ್ತೀರಲ್ಲ, ಅದನ್ನೇ ಬರೀರಿ" ಅಂದರು. ಆ ಕಥೆಯನ್ನು ನಾನು ಎಲ್ಲರಿಗೂ ನಗುನಗುತ್ತ ಅರ್ಧ ಮಾತ್ರ ಹೇಳಿದ್ದೇನೆ. ಇನ್ನರ್ಧ ನಗು ಬರುವಂಥದ್ದಲ್ಲ. ಇಲ್ಲಿ ಪೂರ್ತಿ ಬರೆಯುತ್ತೇನೆ.

ನಾವು ರೋಣ ತಾಲ್ಲೂಕಿನವರು. ಆಗ ಅದು ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿ ಜುವಾರಿ ಹೊಳೆಗೆ ಸೇತುವೆ ಆದದ್ದು 1983ರಲ್ಲಿ. ಅದಾಗಿ ಮೂರು ವರ್ಷಕ್ಕೆ ಅಪ್ಪ ಗೌಂಡಿ ಕೆಲಸ ಹುಡುಕಿಕೊಂಡು ಕೊರ್ತಾಲಿಮ್‌ಗೆ ಬಂದ. ಹಿಂದಿನಿಂದ ಅವ್ವ ನನ್ನನ್ನು ಕಟ್ಟಿಕೊಂಡು ಬಂದಳು. ನನಗಾಗ ನಾಲ್ಕು ವರ್ಷ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ. ಕನ್ನಡದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಈ ಊರಲ್ಲಿ ಬೆಳೆದ ನಮ್ಮ ಕಡೆಯ ಬಹಳ ಮಕ್ಕಳದ್ದು ಇವತ್ತಿಗೂ ಇದೇ ಕಥೆ. ಈ ಪುಸ್ತಕ ಓದುವ ಶಿಕ್ಷಕರಿಗೆ ಅದನ್ನು ನಾನು ಹೇಳಬೇಕಾಗಿಲ್ಲ.

ನನಗೆ ಕನ್ನಡ ಅಕ್ಷರ ಕಲಿಸಿದ್ದು ಒಂದು ಇಲಿ. ಅದರ ಹೆಸರು ಡಿಂಗ. ಅಪ್ಪ ವಾಸ್ಕೋದಲ್ಲಿ ಒಂದು ಉಡುಪಿ ಹೋಟೆಲಿನ ಗೋಡೆ ರಿಪೇರಿ ಮಾಡುತ್ತಿದ್ದಾಗ, ಅಲ್ಲಿಯ ಮಾಲಕರು ತಮ್ಮ ಮಕ್ಕಳು ಓದಿಬಿಟ್ಟ 'ಬಾಲಮಂಗಳ'ದ ಹಳೆಯ ಸಂಚಿಕೆಗಳ ಒಂದು ಕಟ್ಟು ಕೊಟ್ಟಿದ್ದರು. ಅದರಲ್ಲಿ ಡಿಂಗನ ಚಿತ್ರಕಥೆ ಬರುತ್ತಿತ್ತು. ಕಾಡಿನಲ್ಲಿ ಯಾರಿಗೆ ಕಷ್ಟ ಬಂದರೂ ಹಾರಿ ಬರುವ ಇಲಿ ಅದು. ಮೂಲದಲ್ಲಿ ಅದು ಮಲಯಾಳದ ಇಲಿ. 1983ರಲ್ಲಿ ಕೇರಳದಲ್ಲಿ ಹುಟ್ಟಿ, ಆಮೇಲೆ ಕನ್ನಡಕ್ಕೆ ಬಂತು ಅನ್ನೋದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಆಗ ನಾನು ಅದನ್ನು ಅಪ್ಪಟ ನಮ್ಮ ಕಡೆಯ ಇಲಿ ಅಂದುಕೊಂಡಿದ್ದೆ.

ಅವ್ವ ಮೂರನೆಯ ಇಯತ್ತೆವರೆಗೆ ಓದಿದ್ದಳು. ಸಂಜೆ ರೊಟ್ಟಿ ಬಡಿಯುತ್ತ, ನಾನು ತಪ್ಪು ಓದಿದರೆ ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು. ಆದರೆ ಕೆಲಸದಿಂದ ಬಂದು, ಕೈಯ ಸಿಮೆಂಟು ತೊಳಕೊಂಡು, ನನ್ನ ಪಕ್ಕದಲ್ಲೇ ಕೂಡುತ್ತಿದ್ದ. ನಾನು ಅಕ್ಷರ ಓದುವುದು, ಅಪ್ಪ ಚಿತ್ರ ಓದುವುದು. ನಾನು ಒಂದೊಂದೇ ಅಕ್ಷರ ಕೂಡಿಸಿ ಮುಗಿಸುವುದರೊಳಗೆ ಅವನು ಇಡೀ ಪುಟ ಮುಗಿಸಿರುತ್ತಿದ್ದ. "ಆ ನರಿ ಸುಳ್ಳು ಹೇಳಾಕತ್ತೈತಿ, ಅದರ ಕಣ್ಣು ನೋಡು" ಅನ್ನುತ್ತಿದ್ದ. ಮುಂದಿನ ಪುಟ ತಿರುವಿದರೆ ನರಿ ಸುಳ್ಳೇ ಹೇಳಿರುತ್ತಿತ್ತು. ಅಪ್ಪನಿಗೆ ಅದು ಹೇಗೆ ತಿಳಿಯಿತು ಅಂತ ನನಗೆ ಬೆರಗು. ಆಗ ಇದ್ದ ಆ ಬೆರಗನ್ನು ನಾನು ಮುಂದೆ ಮರೆತೆ. ಈ ಬರಹ ಬರೆಯುತ್ತಿರುವುದೇ ಆ ಕಾರಣಕ್ಕೆ.

ಹಾಗೆ ಹತ್ತಿದ ಹುಚ್ಚು ಬಿಡಲಿಲ್ಲ. ಜಾತ್ರೆಗೆ ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ ಇಳಿದು ರದ್ದಿ ಅಂಗಡಿ ತಿರುಗುತ್ತಿದ್ದೆ. ಚಂದಮಾಮ, ಅಮರ ಚಿತ್ರಕಥೆ, ಫ್ಯಾಂಟಮ್‌ನ ಇಂದ್ರಜಾಲ ಕಾಮಿಕ್ಸು, ಏನು ಸಿಕ್ಕರೂ ಕಿಲೋದ ಲೆಕ್ಕದಲ್ಲಿ ತರುತ್ತಿದ್ದೆ. ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಯಾಕಂದರೆ ನಮ್ಮವರೇ ಬಹಳ ಜನಕ್ಕೆ ಅದು ಗೊತ್ತಿಲ್ಲ. ಇಡೀ ದೇಶ ಓದಿದ ಅಮರ ಚಿತ್ರಕಥೆ ಮೊದಲು ಹೊರಟದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಇಂಡಿಯಾ ಬುಕ್ ಹೌಸ್‌ನಿಂದ ಸಿಂಡ್ರೆಲಾದಂಥ ಪರದೇಶದ ಕಥೆಗಳನ್ನು ಕನ್ನಡದಲ್ಲಿ ತಂದರು. ಅವು ಹತ್ತು ಪುಸ್ತಕ. ಆಮೇಲೆ ಅನಂತ ಪೈ ಅವರು ನಮ್ಮ ಪುರಾಣದ ಕಥೆಗಳನ್ನು ಕೈಗೆತ್ತಿಕೊಂಡರು. ಅವರು ಕಾರ್ಕಳದವರು. ಅದಕ್ಕೇ ಇಂಗ್ಲಿಷಿನ 'ಕೃಷ್ಣ' ಅನ್ನುವ ಮೊದಲ ಪುಸ್ತಕದ ನಂಬರು ಹನ್ನೊಂದು. ರಾಮ್ ವಾಯೀರ್ಕರ್ ಅವರ ಚಿತ್ರಗಳಿದ್ದ ಪುಸ್ತಕ ಅದು. ಚಂದಮಾಮದ ಕನ್ನಡ ಆವೃತ್ತಿಯಂತೂ ಇನ್ನೂ ಹಳೆಯದು, 1949ರಷ್ಟು. ಕನ್ನಡಕ್ಕೆ ಚಿತ್ರಕಥೆ ಹೊಸದಲ್ಲ, ನಡುವೆ ನಾವೇ ಕೈಬಿಟ್ಟೆವು.

ಇನ್ನೂ ಹಿಂದೆ ಹೋದರೆ, ಅಪ್ಪನಿಗೆ ಚಿತ್ರ ಓದಲು ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಕಿಳ್ಳೇಕ್ಯಾತರ ತೊಗಲುಗೊಂಬೆ ಆಟ ನೋಡಿಯೇ ಅವನು ರಾಮಾಯಣ ಕಲಿತವ. ಗೋವಾ ದಾಟಿ ಸ್ವಲ್ಪ ಉತ್ತರಕ್ಕೆ ಹೋದರೆ, ಕುಡಾಳದ ಹತ್ತಿರ ಪಿಂಗುಳಿ ಅಂತ ಊರಿದೆ. ಅಲ್ಲಿಯ ಠಾಕರ ಜನ ಚಿತ್ರಕಥಿ ಅನ್ನುವ ಕಲೆ ಉಳಿಸಿಕೊಂಡಿದ್ದಾರೆ. ಒಂದರ ಹಿಂದೆ ಒಂದು ಚಿತ್ರದ ಹಾಳೆ ತೋರಿಸುತ್ತ ಕಥೆ ಹಾಡುವುದು. ಆ ಊರಿನ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹಾಳೆಯ ಮೇಲೆ ಹಾಳೆ, ಚಿತ್ರದ ಮುಂದೆ ಚಿತ್ರ, ಅಂದರೆ ಕಾಮಿಕ್ಸೇ ಅಲ್ಲವೇ? ಅಂಗಡಿಯಲ್ಲಿ ಕಾಸು ಕೊಟ್ಟು ತರುವ ಮೊದಲೇ ಅದು ನಮ್ಮ ಅಂಗಳದಲ್ಲಿತ್ತು.

ಹತ್ತನೆಯತ್ತೆ ಮುಗಿದ ಮೇಲೆ ನಾನು ವಾಸ್ಕೋದಲ್ಲಿ ಒಬ್ಬ ಪೇಂಟರ ಕೈಕೆಳಗೆ ಬೋರ್ಡು ಬರೆಯಲು ಸೇರಿದೆ. ಅಂಗಡಿಯ ಹೆಸರು, ಲಾರಿಯ ಹಿಂದಿನ ಹೂವು, ದೋಣಿಯ ನಂಬರು. ಗೆರೆ ನಡುಗದಂತೆ ಎಳೆಯುವುದನ್ನು ಅಲ್ಲಿ ಕಲಿತೆ. ಮುಂದೆ ಫ್ಲೆಕ್ಸು ಬಂತು, ಕುಂಚದ ಕೆಲಸ ಹೋಯಿತು. ಆಗ ಮದುವೆ ಮನೆಗಳಲ್ಲಿ ನಗೆಚಿತ್ರ ಬರೆಯುವುದು, ಸಂಘದವರ ಸ್ಮರಣ ಸಂಚಿಕೆಗೆ ವ್ಯಂಗ್ಯಚಿತ್ರ ಕೊಡುವುದು, ಹೀಗೆ ಸ್ವಂತ ಬದುಕು ಶುರುವಾಯಿತು. 'ಸ್ವತಂತ್ರ ವ್ಯಂಗ್ಯಚಿತ್ರಕಾರ' ಅಂತ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದೆ. ಅವ್ವ ಅದನ್ನು ಓದಿ, "ಸ್ವತಂತ್ರ ಅಂದ್ರ ಪಗಾರ ಇಲ್ಲ ಅಂತಲ್ಲೇನು?" ಅಂದಳು. ಸರಿಯಾಗೇ ತಿಳಿದಿದ್ದಳು.

ನಮ್ಮೂರಿನಿಂದ ದೂರವಲ್ಲದ ಲೌಟೋಲಿಮ್‌ನ ಮಾರಿಯೋ ಮಿರಾಂಡಾ ಅವರ ಕಥೆ ಆಗ ನನಗೆ ಧೈರ್ಯ ಕೊಡುತ್ತಿತ್ತು. ಅವರು ಹುಟ್ಟಿದ್ದು 1926ರಲ್ಲಿ ದಮನ್‌ನಲ್ಲಿ, ಮನೆತನದ ಮನೆ ಲೌಟೋಲಿಮ್‌ನಲ್ಲಿ. ಹುಡುಗ ಮನೆಯ ಗೋಡೆಯ ಮೇಲೆಲ್ಲ ಗೀಚುವುದನ್ನು ನೋಡಿ, ಅವರ ತಾಯಿ ಬೈಯದೆ ಒಂದು ಖಾಲಿ ಪುಸ್ತಕ ತಂದುಕೊಟ್ಟರಂತೆ. ಆ ಮೇಲೆ ದಿನಚರಿಯನ್ನೇ ಚಿತ್ರದಲ್ಲಿ ಬರೆಯುವ ರೂಢಿ ಬಿತ್ತು. ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ. ಗೆಳೆಯರಿಗೆ ಪೋಸ್ಟ್ ಕಾರ್ಡಿನ ಮೇಲೆ ಚಿತ್ರ ಬರೆದುಕೊಟ್ಟು ಪುಡಿಗಾಸು ತೆಗೆದುಕೊಳ್ಳುತ್ತಿದ್ದರಂತೆ. ನೋಡ್ರಿ, ಅಷ್ಟು ದೊಡ್ಡ ಕಲಾವಿದನೂ ಒಂದು ದಿನ ತನ್ನ ಚಿತ್ರ ತಾನೇ ಮಾರಿದವ. 2011ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಪದ್ಮವಿಭೂಷಣ ಬಂತು.

ಈ ಕಾಮಿಕ್ಸಿನ ಮೇಳ ಅಂದರೇನು ಅಂತ ಕೆಲವರಿಗೆ ಹೇಳಬೇಕು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಲ್ಲಿ ಕಾಮಿಕ್ಸಿನ ಹುಚ್ಚಿರುವವರು ಸುಮಾರು 300 ಜನ ಒಂದು ಹೋಟೆಲಿನಲ್ಲಿ ಸೇರಿದರು. ಇವತ್ತು ಅದಕ್ಕೆ ಲಕ್ಷಕ್ಕೂ ಮೀರಿ ಜನ ಬರುತ್ತಾರೆ. ಜಪಾನಿನಲ್ಲಿ 1975ರ ಡಿಸೆಂಬರಿನಲ್ಲಿ ಕಾಮಿಕೆಟ್ ಅನ್ನುವುದು ಶುರುವಾಯಿತು. ಮೊದಲ ಸಲ ಮೇಜು ಹಾಕಿದ್ದು 32 ಗುಂಪು, ಬಂದವರು ಸುಮಾರು 700 ಮಂದಿ. ಅಲ್ಲಿ ದೊಡ್ಡ ಪ್ರಕಾಶಕರಿಗಿಂತ, ತಾವೇ ಬರೆದು ತಾವೇ ಅಚ್ಚು ಹಾಕಿಸಿ ಮಾರುವವರದೇ ಸಂತೆ. ನಮ್ಮ ದೇಶದಲ್ಲಿ 2011ರ ಫೆಬ್ರುವರಿಯಲ್ಲಿ ದಿಲ್ಲಿ ಹಾಟ್‌ನಲ್ಲಿ ಮೊದಲ ಕಾಮಿಕ್ ಕಾನ್ ಆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೂ ಬಂತು. ಇದನ್ನು ನೋಡಿ ಸಣ್ಣ ಸಣ್ಣ ಮೇಳಗಳೂ ಹುಟ್ಟಿದವು. ಜನ ತಮಗೆ ಬೇಕಾದ ಕಥೆಯ ವೇಷ ಹಾಕಿಕೊಂಡು ಬರುತ್ತಾರೆ, ಬಯಲಾಟಕ್ಕೆ ಬಣ್ಣ ಹಚ್ಚಿಕೊಂಡಂತೆ. ನಮ್ಮಂಥವರಿಗೆ ಒಂದು ಮೂಲೆಯಲ್ಲಿ ಮೇಜು ಬಾಡಿಗೆಗೆ ಕೊಡುತ್ತಾರೆ. ನಿನ್ನ ಪುಸ್ತಕ ನೀನು ಹರವಿಕೊಂಡು ಕೂಡಬೇಕು, ಅಷ್ಟೆ.

2013ರಲ್ಲಿ ಬೆಂಗಳೂರಿನ ಒಂದು ಮೇಳಕ್ಕೆ ಹೋಗುವುದು ಅಂತ ನಿಶ್ಚಯ ಮಾಡಿದೆ. ಪೂರ್ತಿ ಮೇಜು ಹಿಡಿಯುವ ತಾಕತ್ತಿರಲಿಲ್ಲ. ಮತ್ತೊಬ್ಬ ಹುಡುಗನ ಜೊತೆ ಅರ್ಧ ಮೇಜು, ಅಂದರೆ ನಾಲ್ಕು ಅಡಿ, ನನ್ನ ಪಾಲಿಗೆ. ಅದಕ್ಕಾಗಿ 24 ಪುಟದ ಒಂದು ಪುಸ್ತಕ ಮಾಡಿದೆ. ಕಥೆ ಅಪ್ಪನದೇ. ರೋಣದ ಕಡೆಯ ಒಬ್ಬ ಗೌಂಡಿ ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು, ಬಸ್ಸು ಹತ್ತಿ, ಘಟ್ಟ ಇಳಿದು, ಹೊಳೆಯ ದಂಡೆಯ ಊರಿಗೆ ಬಂದು, ಊರವರ ಮನೆಗಳನ್ನೆಲ್ಲ ಕಟ್ಟುತ್ತಾನೆ. ತಾನು ಮಾತ್ರ ಬಾಡಿಗೆ ಖೋಲಿಯಲ್ಲಿ ಇರುತ್ತಾನೆ. ಮಾತು ಕಡಿಮೆ, ಇದ್ದದ್ದೆಲ್ಲ ನಮ್ಮ ಕಡೆಯ ಕನ್ನಡ. ಆರು ತಿಂಗಳು ರಾತ್ರಿ ಕೂತು ಬರೆದೆ. ಕಪ್ಪು ಶಾಯಿ, ಹಳೆಯ ಬೋರ್ಡಿನ ಕುಂಚ.

ಈಗ ನಾನು ನಗುತ್ತ ಹೇಳದೆ ಬಿಡುವ ಭಾಗ. ಆ ಆರು ತಿಂಗಳಲ್ಲಿ ಒಂದು ಪುಟವನ್ನೂ ನಾನು ಅಪ್ಪನಿಗೆ ತೋರಿಸಲಿಲ್ಲ. ಅಚ್ಚಾದ ಮೇಲೆ ಒಮ್ಮೆಲೇ ತೋರಿಸಿ ಖುಷಿ ಪಡಿಸೋಣ ಅಂತ ಇತ್ತು ಅಂತ ಹೇಳಬಹುದು. ಆದರೆ ಅದು ನಿಜವಲ್ಲ. ಪುಸ್ತಕ ಅಂದಮೇಲೆ ಅದನ್ನು ಓದು ಬಂದವರಿಗೆ ತೋರಿಸಬೇಕು, ಅಪ್ಪನಿಗೆ ತೋರಿಸಿ ಏನು ಮಾಡೋದು ಅಂತ ನನ್ನ ತಲೆಯಲ್ಲಿತ್ತು. ಶಾಲೆಯ ಗೆಳೆಯರಿಗೆ ತೋರಿಸಿದೆ, ಒಬ್ಬ ಕಾಲೇಜು ಮಾಸ್ತರರಿಗೆ ತೋರಿಸಿದೆ. ಅವರು ಕಾಗುಣಿತ ತಿದ್ದಿಕೊಟ್ಟರು. ಮಡಗಾಂವದಲ್ಲಿ 200 ಪ್ರತಿ ಅಚ್ಚು ಹಾಕಿಸಿ, ಖರ್ಚು ಉಳಿಸಲು ಮಡಚುವುದು ಪಿನ್ನು ಹೊಡೆಯುವುದು ಮನೆಯಲ್ಲೇ ಅಂತ ಹಾಳೆಗಳನ್ನು ತಂದೆ. ಆ ರಾತ್ರಿ ಅಪ್ಪ, ಅವ್ವ, ನಾನು ಮೂವರೂ ಕೂತೆವು. ಅಪ್ಪ ಮಡಚಿದ ಪ್ರತಿಯ ಅಂಚು ಒಂದು ಕೂದಲೆಳೆಯೂ ಹಿಂದೆ ಮುಂದೆ ಇರುತ್ತಿರಲಿಲ್ಲ. ಇಟ್ಟಂಗಿ ಸಾಲು ಇಟ್ಟ ಹಾಗೆ ಒಟ್ಟಿದ. ನಡುವೆ ಒಂದು ಪುಟದ ಮೇಲೆ ಅವನ ಕೈ ಸ್ವಲ್ಪ ಹೊತ್ತು ನಿಂತದ್ದು ನನಗೆ ನೆನಪಿದೆ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೇಳದ ಮೊದಲ ದಿನ ಮಧ್ಯಾಹ್ನದ ತನಕ ನನ್ನಿಂದ ಮೂರು ಪುಸ್ತಕ ಹೋದವು. ಜನ ಬರುತ್ತಿದ್ದರು, ಪುಸ್ತಕ ಎತ್ತುತ್ತಿದ್ದರು, ಚಿತ್ರ ನೋಡಿ "ಸೂಪರ್" ಅನ್ನುತ್ತಿದ್ದರು. ಆಮೇಲೆ, "ಇಂಗ್ಲಿಷಿನಲ್ಲಿ ಇದೆಯಾ?" ಇಲ್ಲ ಅಂದರೆ ಮೆಲ್ಲಗೆ ಇಟ್ಟು ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕನ್ನಡ ಪುಸ್ತಕ ಇಟ್ಟು ಕೂತವನು ಇಡೀ ಸಾಲಿನಲ್ಲಿ ನಾನೊಬ್ಬನೇ ಅನ್ನಿಸಿ ಹೊಟ್ಟೆಯಲ್ಲಿ ಸಂಕಟ ಆಯಿತು. ಒಬ್ಬಳು ಕಾಲೇಜು ಹುಡುಗಿ ಮಾತ್ರ ಬಹಳ ಹೊತ್ತು ಪುಟ ತಿರುವಿದಳು. "ಅಂಕಲ್, ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಅಜ್ಜಿ ಓದಿ ಹೇಳ್ತಾರೆ, ಕೊಡಿ" ಅಂದಳು. ಆ ಅರವತ್ತು ರೂಪಾಯಿಯನ್ನು ನಾನು ಬಹಳ ದಿನ ಖರ್ಚು ಮಾಡಲಿಲ್ಲ.

ಮೇಜು ಹಾಕುವ ಕೆಲಸವೂ ಒಂದು ವಿದ್ಯೆಯೇ. ಎರಡು ದಿನದಲ್ಲಿ ಕಲಿತದ್ದು ಇಷ್ಟು. ಕುರ್ಚಿಯಲ್ಲಿ ಕೂತರೆ ಜನ ಮುಂದೆ ಹೋಗುತ್ತಾರೆ, ನಿಂತರೆ ನಿಲ್ಲುತ್ತಾರೆ. ಪುಸ್ತಕ ಮಲಗಿಸಿ ಇಡಬಾರದು, ರಟ್ಟಿನ ಆಸರೆ ಕೊಟ್ಟು ನಿಲ್ಲಿಸಬೇಕು. ಒಂದು ಪ್ರತಿಯನ್ನು ಒಳ್ಳೆಯ ಪುಟಕ್ಕೆ ಬಿಚ್ಚಿ ಇಡಬೇಕು. ಬೆಲೆ ದೊಡ್ಡದಾಗಿ ಬರೆಯಬೇಕು, ಯಾಕಂದರೆ ಸಂಕೋಚದ ಜನ ಬೆಲೆ ಕೇಳುವುದಿಲ್ಲ. ಚಿಲ್ಲರೆ ಸಾಕಷ್ಟು ಇರಬೇಕು. ಎಲ್ಲಕ್ಕಿಂತ, ಅಲ್ಲೇ ಕೂತು ಏನಾದರೂ ಬರೆಯುತ್ತಿರಬೇಕು. ಕೈ ಓಡುವುದನ್ನು ನೋಡಲು ಜನ ಸೇರುತ್ತಾರೆ. ಮಧ್ಯಾಹ್ನದ ಮೇಲೆ ನಾನು ಐವತ್ತು ರೂಪಾಯಿಗೊಂದು ಮುಖಚಿತ್ರ ಬರೆಯಲು ಶುರು ಮಾಡಿದೆ. ಹೊಟ್ಟೆಪಾಡು ಅಲ್ಲಿ ಸ್ವಲ್ಪ ಸರಿಹೋಯಿತು.

ಎರಡನೆಯ ದಿನ ಸಂಜೆ, ಜನ ಕರಗಿದ ಹೊತ್ತಿಗೆ, ಬಾಗಿಲಲ್ಲಿ ನಿಂತಿದ್ದ ಕಾವಲಿನವರು ಒಬ್ಬರು ಬಂದು ಪುಸ್ತಕ ಎತ್ತಿಕೊಂಡರು. ವಯಸ್ಸು ಐವತ್ತು ದಾಟಿರಬೇಕು. "ನೋಡಬಹುದೇನ್ರಿ ಸರ?" ಅಂದರು. ಮಾತು ಕೇಳಿದ ಕೂಡಲೇ ನಮ್ಮ ಕಡೆಯವರು ಅಂತ ತಿಳಿಯಿತು. ರಾಯಚೂರು ಕಡೆಯವರು. ಒಂದೊಂದೇ ಪುಟ ತಿರುವಿದರು. ಅಕ್ಷರದ ಕಡೆಗೆ ಅವರ ಕಣ್ಣು ಹೋಗುತ್ತಿರಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ. ಹದಿನಾರನೆಯ ಪುಟಕ್ಕೆ ಬಂದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಯಾಕ್ರೀ ಕಾಕಾ?" ಅಂದೆ.

"ಸಿಟ್ಟಾಗಬ್ಯಾಡ್ರಿ. ಇಂವ ಗೌಂಡಿ ಅಲ್ಲ ಬಿಡ್ರಿ."

ಆ ಪುಟದಲ್ಲಿ ಒಂದೇ ದೊಡ್ಡ ಚಿತ್ರ. ನನಗೆ ಬಹಳ ಹೆಮ್ಮೆ ಇದ್ದ ಚಿತ್ರ. ಗೌಂಡಿ ಎತ್ತರದ ಗೋಡೆಯ ಮೇಲಿನಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟಿದ್ದಾನೆ, ಹಿಂದೆ ಹೊಳೆ, ತೆಂಗು, ಗಾಳಿ. ಚೆಂದ ಕಾಣಲಿ ಅಂತ ನಾನು ದಾರವನ್ನೂ ಗಾಳಿಗೆ ಓರೆಯಾಗಿ ತೂಗುವಂತೆ ಬರೆದಿದ್ದೆ. ಗೌಂಡಿ ಆ ಓರೆ ದಾರ ನೋಡುತ್ತಲೇ ಇಟ್ಟಂಗಿ ಇಡುತ್ತಿದ್ದ.

"ಗುಂಡು ಅಲ್ಲಾಡೂ ಮುಂದ ಯಾರರ ಕಲ್ಲಿಡ್ತಾರೇನ್ರಿ? ಅದು ನಿಲ್ಲೂ ತನಕ ಕಾಯಬೇಕು. ಇಲ್ಲಾಂದ್ರ ಗ್ವಾಡಿ ಸೊಟ್ಟ ಆಕ್ಕೈತಿ. ನಾನೂ ಹನ್ನೆರಡು ವರ್ಷ ಅದ ಕೆಲಸ ಮಾಡೀನಿ, ಸೊಂಟ ಹೋದಮ್ಯಾಲೆ ಈ ಕೆಲಸಕ್ಕ ಬಂದೆ" ಅಂದರು. ಮೇಲೆ, "ಉಳಿದದ್ದೆಲ್ಲ ಖರೇ ಬರ್ದೀರಿ. ಬುತ್ತಿ ಬಿಚ್ಚೂದು ಹಂಗ ಐತಿ" ಅಂತ ಸಮಾಧಾನವನ್ನೂ ಮಾಡಿದರು. ದುಡ್ಡು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. ಅಚ್ಚಿಗೆ 7,000, ಅರ್ಧ ಮೇಜಿಗೆ 3,000, ಹೋಗಿಬರುವ ಬಸ್ಸಿಗೆ 1,400, ಊಟಕ್ಕೆ 600. ಒಟ್ಟು 12,000 ರೂಪಾಯಿ. ಮಾರಾಟವಾದದ್ದು 38 ಪುಸ್ತಕ, ಅದರಿಂದ 2,280. ಮುಖಚಿತ್ರ 41, ಅದರಿಂದ 2,050. ಒಟ್ಟು 4,330. ಕೈಬಿಟ್ಟದ್ದು 7,670. ಕಾವಲಿನ ಕಾಕಾಗೆ ಕೊಟ್ಟದ್ದು ಒಂದು. ಉಳಿದ 161 ಪುಸ್ತಕ ಹೊತ್ತುಕೊಂಡು ರಾತ್ರಿ ಬಸ್ಸಿಗೆ ಕೂತೆ. ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಿಂತ ಆ ಓರೆ ದಾರದ ಚಿಂತೆಯೇ ಹೆಚ್ಚಾಗಿತ್ತು.

ಮನೆಗೆ ಬಂದು ಅಪ್ಪನ ಮುಂದೆ ಹದಿನಾರನೆಯ ಪುಟ ಬಿಚ್ಚಿ ಇಟ್ಟೆ. "ಅಪ್ಪಾ, ಇದರಾಗ ಏನರ ತಪ್ಪೈತೇನು?"

ಅವನು ಪುಟ ನೋಡಲೂ ಇಲ್ಲ. "ಗುಂಡು" ಅಂದ.

"ನಿನಗ ಗೊತ್ತಿತ್ತಾ?"

"ಮಡಚೂ ಮುಂದ ನೋಡಿದ್ನೆಲ್ಲ."

"ಮತ್ತ ಹೇಳಬಾರದೇನು?"

"ಅಚ್ಚಾಗಿತ್ತಲ್ಲೋ ತಮ್ಮಾ. ಕಟ್ಟಿದ ಗ್ವಾಡಿಗೆ ಆಮ್ಯಾಲೆ ಸೊಟ್ಟ ಅಂದ್ರ ಮನಿ ಯಜಮಾನಗ ಸಂಕಟ ಅಷ್ಟ." ಸ್ವಲ್ಪ ಹೊತ್ತು ಬಿಟ್ಟು, "ಮೊದಲ ನೀ ಕೇಳಲಿಲ್ಲ" ಅಂದ. ಸಿಟ್ಟಿನಿಂದ ಅನ್ನಲಿಲ್ಲ. ಇದ್ದದ್ದು ಇದ್ದ ಹಾಗೆ ಅಂದ. ಅದಕ್ಕೇ ಅದು ಇವತ್ತಿಗೂ ಚುಚ್ಚುತ್ತದೆ.

ಡಿಂಗನ ಕಥೆಯಲ್ಲಿ ನರಿಯ ಸುಳ್ಳನ್ನು ನನಗಿಂತ ಮೊದಲು ಹಿಡಿಯುತ್ತಿದ್ದ ಮನುಷ್ಯ. ಅವನ ಪಕ್ಕದಲ್ಲಿ ಕೂತೇ ನಾನು ಓದಲು ಕಲಿತದ್ದು. ಅವನ ಬದುಕನ್ನೇ ಪುಸ್ತಕ ಮಾಡಿ, ಅವನಿಗೊಬ್ಬನಿಗೇ ತೋರಿಸದೆ ಅಚ್ಚು ಹಾಕಿಸಿದ್ದೆ. ಅಕ್ಷರ ಬಂದದ್ದಕ್ಕೆ ನನಗೆ ಬಂದ ಸೊಕ್ಕು ಅದು. ಬೇರೆ ಹೆಸರಿಲ್ಲ.

ಮುಂದಿನ ಎರಡು ಭಾನುವಾರ ನಾವಿಬ್ಬರೂ ಅದೇ ಕೆಲಸ ಮಾಡಿದೆವು. ಉಳಿದ 161 ಪ್ರತಿಯಲ್ಲೂ ಆ ಓರೆ ದಾರದ ಮೇಲೆ ಬಿಳಿ ಬಣ್ಣ ಹಚ್ಚುವುದು, ಒಣಗಿದ ಮೇಲೆ ನೆಟ್ಟಗೆ ಒಂದು ಗೆರೆ, ಕೆಳಗೆ ಗುಂಡು. ಅಪ್ಪ ಅಡಿಪಟ್ಟಿ ಹಿಡಿಯುವುದು, ನಾನು ಎಳೆಯುವುದು. ಮೊದಲ ಇಪ್ಪತ್ತು ಪ್ರತಿ ಆದ ಮೇಲೆ, "ಅಡಿಪಟ್ಟಿ ಬ್ಯಾಡ, ನಿನ್ನ ಕೈ ನೆಟ್ಟಗೈತಿ" ಅಂದ. ನನ್ನ ಕೆಲಸದ ಬಗ್ಗೆ ಅವನು ಆಡಿದ ಒಂದೇ ಹೊಗಳಿಕೆ ಅದು. ಆ ನೆವದಲ್ಲಿ ಉಳಿದ ಪುಟಗಳನ್ನೂ ಓದಿದ. ಘಟ್ಟ ಇಳಿಯುವ ಬಸ್ಸಿನ ಪುಟದಲ್ಲಿ, "ನಿಮ್ಮವ್ವ ಇಲ್ಲಿ ಅತ್ತಿದ್ಲು, ನೀ ಬರ್ದಿಲ್ಲ" ಅಂದ. ಅವ್ವ ಒಳಗಿನಿಂದ, "ನಾ ಯಾಕ ಅಳಲಿ? ಅತ್ತಾಂವ ನೀನು" ಅಂದಳು. ಎಷ್ಟೋ ವರ್ಷದಿಂದ ಮನೆಯಲ್ಲಿ ಆಡದೇ ಇದ್ದ ಮಾತು ಅವತ್ತು ಹೊರಬಂತು. ಪುಸ್ತಕ ಮಾಡಿದ್ದಕ್ಕೆ ನನಗೆ ಸಿಕ್ಕ ಲಾಭ ಅಂದರೆ ಅದೇ.

ಅಪ್ಪ 2017ರಲ್ಲಿ ತೀರಿಕೊಂಡ. ತಿದ್ದಿದ ಪ್ರತಿಗಳು ಎಲ್ಲವೂ ಹೋಗಿವೆ. ಮೇಳದಲ್ಲಲ್ಲ, ಇಲ್ಲಿಯೇ, ಹತ್ತು ಇಪ್ಪತ್ತು ರೂಪಾಯಿಗೆ, ನಮ್ಮ ಕಡೆಯವರ ಜಾತ್ರೆ, ಸಂಘದ ಕಾರ್ಯಕ್ರಮ, ಮದುವೆ ಮಂಟಪದ ಹೊರಗೆ. ಇಲ್ಲಿ ಇಂಗ್ಲಿಷಿನಲ್ಲಿದೆಯಾ ಅಂತ ಯಾರೂ ಕೇಳಲಿಲ್ಲ. ಓದು ಬಾರದ ಹೆಂಗಸರು ಮೊಮ್ಮಕ್ಕಳ ಕೈಯಲ್ಲಿ ಕೊಟ್ಟು ಓದಿಸಿದರು. ಓದು ಬರುವ, ಆದರೆ ಕನ್ನಡ ಅಕ್ಷರ ಬಾರದ ಮಕ್ಕಳು ಅಜ್ಜ ಅಜ್ಜಿಯರ ಬಾಯಿಂದ ಕಥೆ ಕೇಳಿದರು. ಒಂದೇ ಪುಟವನ್ನು ಇಬ್ಬರೂ ನೋಡುತ್ತಿದ್ದರು, ಇಬ್ಬರಿಗೂ ಅರ್ಧರ್ಧ ಬರುತ್ತಿತ್ತು, ಕೂಡಿದರೆ ಪೂರ್ತಿ ಆಗುತ್ತಿತ್ತು. ಬರೀ ಅಕ್ಷರದ ಪುಸ್ತಕಕ್ಕೆ ಈ ಸೌಲಭ್ಯ ಇಲ್ಲ.

ಹಾಗಂತ ದೊಡ್ಡ ಮೇಳಗಳನ್ನು ನಾನು ಹಳಿಯುವುದಿಲ್ಲ. ಅಲ್ಲಿ ಹೋಗದಿದ್ದರೆ ಆ ಕಾಕಾ ಸಿಗುತ್ತಿರಲಿಲ್ಲ. ಮತ್ತೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಕೈಯಿಂದ ದುಡ್ಡು ಹೋಗಿದೆ, ಬೇಸರವಿಲ್ಲ. ನಮ್ಮ ಭಾಷೆಯಲ್ಲೇ ಒಂದು ಹಬ್ಬ ಬೇಕು ಅನ್ನುವವರು ಕುಂದಾಪುರಕ್ಕೆ ಹೋಗಿ ಬರಬೇಕು. ಕೊಂಕಣ ರೈಲು ಹತ್ತಿದರೆ ನೇರ ದಾರಿ. ಮುಂಬಯಿಯಲ್ಲಿ ಪತ್ರಿಕೆಯ ವ್ಯಂಗ್ಯಚಿತ್ರಕಾರರಾಗಿದ್ದ ಸತೀಶ್ ಆಚಾರ್ಯ ಅವರು ಸ್ವಂತ ಊರಿಗೆ ಮರಳಿ, ಅಲ್ಲಿಂದಲೇ ಸ್ವತಂತ್ರವಾಗಿ ಚಿತ್ರ ಬರೆಯುತ್ತಾರೆ. ಅವರೂ ಗೆಳೆಯರೂ ಸೇರಿ ಕುಂದಾಪುರದಲ್ಲಿ 'ಕಾರ್ಟೂನು ಹಬ್ಬ' ನಡೆಸುತ್ತ ಬಂದಿದ್ದಾರೆ. ಸಣ್ಣ ಊರಲ್ಲಿ ಕೂತೂ ಈ ಕೆಲಸ ಆಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಈಗ ಎರಡು ವರ್ಷದಿಂದ ವಾಚನಾಲಯದಲ್ಲಿ ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು ಪುಟ್ಟ ಚಿತ್ರಕಥೆ ಮಾಡಿಸುತ್ತಿದ್ದೇನೆ. ಖರ್ಚು ಒಂದು ಹಾಳೆ. ಶಿಕ್ಷಕರು ತಮ್ಮ ಶಾಲೆಯಲ್ಲೂ ಮಾಡಿಸಬಹುದು ಅಂತ ವಿಧಾನ ಬರೆಯುತ್ತೇನೆ. ಜೆರಾಕ್ಸಿನ ಒಂದು ಹಾಳೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಬೇಕು. ಬಿಚ್ಚಿದರೆ ಎಂಟು ಮನೆ ಕಾಣುತ್ತವೆ. ಈಗ ಗಿಡ್ಡ ಅಂಚುಗಳು ಕೂಡುವಂತೆ ಒಮ್ಮೆ ಮಾತ್ರ ಮಡಚಿ, ಮಡಿಕೆ ಇರುವ ಕಡೆಯಿಂದ ನಟ್ಟನಡುವಿನ ಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಬೇಕು. ಬಿಚ್ಚಿದರೆ ಹಾಳೆಯ ನಡುವೆ ಎರಡು ಮನೆಯುದ್ದದ ಸೀಳು ಇರುತ್ತದೆ. ಆಮೇಲೆ ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆದು ನಾಲ್ಕು ರೆಕ್ಕೆ ಆಗುತ್ತದೆ. ಅದನ್ನು ಒಂದು ಕಡೆಗೆ ಮಡಚಿಕೊಂಡರೆ ಎಂಟು ಪುಟದ ಪುಸ್ತಕ, ಪಿನ್ನೂ ಬೇಡ ಗೋಂದೂ ಬೇಡ. ಖಾಲಿ ಪುಸ್ತಕಕ್ಕೆ ಮೊದಲು ಪೆನ್ಸಿಲಿನಲ್ಲಿ ಪುಟದ ನಂಬರು ಹಾಕಿ, ಮತ್ತೆ ಬಿಚ್ಚಿ ಚಿತ್ರ ಬರೆಯಬೇಕು. ಇಲ್ಲದಿದ್ದರೆ ಅರ್ಧ ಪುಟ ತಲೆಕೆಳಗಾಗುತ್ತವೆ. ಎಲ್ಲ ಚಿತ್ರವೂ ಹಾಳೆಯ ಒಂದೇ ಮಗ್ಗುಲಿಗೆ ಬರುವುದರಿಂದ, ಬೇಕಾದಷ್ಟು ಜೆರಾಕ್ಸು ತೆಗೆದು ಮಡಚಿದರೆ ಗೆಳೆಯರಿಗೆಲ್ಲ ಹಂಚಬಹುದು.

ಮಕ್ಕಳಿಗೆ ನಾನು ಹಾಕಿರುವ ನಿಯಮ ಒಂದೇ. ಪೆನ್ಸಿಲಿನಲ್ಲಿ ಇರುವಾಗಲೇ ಅದನ್ನು ಮನೆಗೆ ಒಯ್ಯಬೇಕು. ಮನೆಯಲ್ಲಿ ಓದು ಬಾರದವರು ಯಾರಿದ್ದಾರೋ ಅವರ ಮುಂದೆ ಇಟ್ಟು, "ಇದರಾಗ ಏನರ ತಪ್ಪೈತೇನು?" ಅಂತ ಕೇಳಿಕೊಂಡು ಬರಬೇಕು. ಅವರು ಹೇಳಿದ್ದನ್ನು ತಿದ್ದಿದ ಮೇಲೆಯೇ ಶಾಯಿ. ಹೋದ ತಿಂಗಳು ಒಬ್ಬ ಹುಡುಗಿ ಮೀನಿನ ಬಲೆಯ ಚಿತ್ರ ಮೂರು ಸಲ ಅಳಿಸಿ ಬರೆದು ತಂದಳು. ನನ್ನ ಕಣ್ಣಿಗೆ ಮೊದಲನೆಯದೇ ಸರಿ ಇತ್ತು. ಅವಳ ಅಜ್ಜ ದೋಣಿಯ ಮೇಲೆ ದುಡಿದವರು, ಅವರಿಗೆ ಅದು ಸರಿ ಕಾಣಲಿಲ್ಲವಂತೆ.

ಅದಕ್ಕೆ ನಾನು ಏನೂ ಅನ್ನಲಿಲ್ಲ. ಮೂರನೆಯದಕ್ಕೇ ಶಾಯಿ ಹಾಕು ಅಂದೆ.